ಎಂಜಿನ್‌ಗೆ ಎಳೆತ ಜಾಸ್ತಿ ಮಾಡುವ ಮುಂಚೆ, ಕಳೆದುಹೋದ ಎಳೆತ ಹುಡುಕಿ

ಪ್ರಶ್ನೆ: ನಮಸ್ಕಾರ ಸರ್. ನನ್ನದು 2.5 ಲೀಟರಿನ ಟರ್ಬೊ ಡೀಸೆಲ್ ಪಿಕಪ್. ಕಾಮನ್ ರೈಲ್ ಎಂಜಿನ್, 1,80,000 ಕಿ.ಮೀ. ಓಡಿದೆ. ಟೈಲ್ಸ್ ಮತ್ತು ಕಲ್ಲಿನ ಹಲಗೆ ಸಾಗಿಸುತ್ತೇನೆ. ಮೊದಲು ಲೋಡ್ ಇದ್ದರೂ ಏರಿನಲ್ಲಿ ಮೂರನೇ ಗೇರ್‌ನಲ್ಲೇ ಎಳೆಯುತ್ತಿತ್ತು. ಈಗ ಎರಡನೇ ಗೇರ್‌ಗೆ ಇಳಿಸಲೇಬೇಕು. ಹೋದ ವರ್ಷ 28 ಇಂಚಿನ ಟೈರ್ ತೆಗೆಸಿ 31 ಇಂಚಿನದು ಹಾಕಿಸಿದ್ದೇನೆ. ಒಬ್ಬರು ದೊಡ್ಡ ಟರ್ಬೊ ಹಾಕಿಸು ಅನ್ನುತ್ತಾರೆ. ಇನ್ನೊಬ್ಬರು ರೀಮ್ಯಾಪ್ (ಎಂಜಿನ್ ನಡೆಸುವ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸುವುದು) ಸಾಕು ಅನ್ನುತ್ತಾರೆ. ಮತ್ತೊಬ್ಬರ ಪ್ರಕಾರ ಸೈಲೆನ್ಸರ್ ಮತ್ತು ಏರ್ ಫಿಲ್ಟರ್ ಬದಲಿಸಬೇಕಂತೆ. ನಾನು ಕೂಡಿಟ್ಟ ಹಣ ಇವುಗಳಲ್ಲಿ ಒಂದೆರಡಕ್ಕೆ ಮಾತ್ರ ಸಾಕಾಗುತ್ತದೆ. ಯಾವುದು ಮೊದಲು ಮಾಡಿಸಲಿ?

ಉತ್ತರ: ಮೊದಲು ಮೂರನೇ ಗೇರ್‌ನಲ್ಲಿ ಎಳೆಯುತ್ತಿತ್ತು ಎಂದು ಬರೆದಿದ್ದೀರಲ್ಲ, ಆ ಸಾಲನ್ನು ನಾನು ಎರಡು ಸಲ ಓದಿದೆ. ಆ ಶಕ್ತಿ ನಿಮ್ಮ ಗಾಡಿಯಲ್ಲಿ ಇತ್ತು, ಈಗ ಇಲ್ಲ. ಅದು ಎಲ್ಲಿ ಹೋಯಿತು ಅಂತ ಗೊತ್ತಾಗುವ ತನಕ ದಯವಿಟ್ಟು ಯಾವ ಹೊಸ ಸಾಮಾನಿಗೂ ಹಣ ಕೊಡಬೇಡಿ.

ಒಂದು ಪಾಲು ಎಲ್ಲಿ ಹೋಯಿತು ಅನ್ನುವುದನ್ನು ನಿಮ್ಮ ಪತ್ರವೇ ಹೇಳುತ್ತಿದೆ. ಟೈರ್ ದೊಡ್ಡದಾದಷ್ಟೂ ಅದನ್ನು ತಿರುಗಿಸಿ ಗಾಡಿಯನ್ನು ಮುಂದಕ್ಕೆ ತಳ್ಳುವ ಬಲ ಕಡಿಮೆಯಾಗುತ್ತದೆ. 28ನ್ನು 31ರಿಂದ ಭಾಗಿಸಿ ನೋಡಿ, 0.90 ಬರುತ್ತದೆ. ಅಂದರೆ ರಸ್ತೆಗೆ ತಲುಪುವ ಎಳೆತದಲ್ಲಿ ನೂರಕ್ಕೆ ಹತ್ತು ಪಾಲು ಆ ಟೈರ್ ಅಂಗಡಿಯಲ್ಲೇ ಹೋಯಿತು. ಎಂಜಿನ್ನಿನ ತಪ್ಪು ಏನೂ ಇಲ್ಲ. ದೊಡ್ಡ ಟೈರಿನ ತೂಕವೂ ಜಾಸ್ತಿ, ಹಾಗಾಗಿ ನಿಂತಲ್ಲಿಂದ ಹೊರಡುವಾಗ ಇನ್ನೂ ಭಾರ ಅನ್ನಿಸುತ್ತದೆ. ಸ್ಪೀಡೋಮೀಟರ್ ಕೂಡ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತಿರಬಹುದು. ಹಳೆಯ ಅಳತೆಯ ಟೈರ್ ವಾಪಸ್ ಹಾಕಿ. ನಿಮ್ಮ ಗಾಡಿಗೆ ಮಾಡಬಹುದಾದ ಅತಿ ಅಗ್ಗದ ಅಪ್‌ಗ್ರೇಡ್ ಇದೇ.

ಕಚ್ಚಾ ರಸ್ತೆಗೆ ಎತ್ತರ ಬೇಕೇಬೇಕು, ದೊಡ್ಡ ಟೈರ್ ಇರಲೇಬೇಕು ಅಂದರೆ ಕ್ರೌನ್ ಪಿನಿಯನ್ (ಚಕ್ರಗಳ ಆಕ್ಸಲ್ ತಿರುಗಿಸುವ ಕೊನೆಯ ಹಲ್ಲಿನ ಚಕ್ರಗಳ ಜೋಡಿ) ಬದಲಿಸುವ ದಾರಿ ಇದೆ. ಈಗ 3.73 ಅನುಪಾತ ಇದ್ದು, ನಿಮ್ಮ ಹೌಸಿಂಗ್‌ಗೆ ಕೂರುವ 4.10ರ ಸೆಟ್ ಸಿಕ್ಕಿದರೆ, ಕಳೆದ ಆ ಹತ್ತು ಪಾಲು ಹೆಚ್ಚುಕಡಿಮೆ ಪೂರ್ತಿ ವಾಪಸ್ ಬರುತ್ತದೆ. ಗಾಡಿ ಫೋರ್ ವೀಲ್ ಡ್ರೈವ್ ಆಗಿದ್ದರೆ ಮುಂದೆ ಹಿಂದೆ ಎರಡೂ ಕಡೆ ಬದಲಿಸಬೇಕು, ಖರ್ಚು ಎರಡರಷ್ಟು. ಈ ಕೆಲಸದಲ್ಲಿ ಹಲ್ಲುಗಳ ನಡುವಿನ ಅಂತರ ಸರಿಯಾಗಿ ಕೂರಿಸುವ ಕೈ ಬೇಕು. ಅದು ತಪ್ಪಿದರೆ ಹೊಸ ಸೆಟ್ ಕೂಗಲು ಶುರು ಮಾಡುತ್ತದೆ, ಬೇಗ ಹಾಳಾಗುತ್ತದೆ.

ಇನ್ನು ಎಂಜಿನ್. ಲೈವ್ ಡೇಟಾ ತೋರಿಸುವ ಸ್ಕ್ಯಾನರ್ ಇರುವ ಮೆಕ್ಯಾನಿಕ್ ಹತ್ತಿರ ಹೋಗಿ. ಎರರ್ ಕೋಡ್ ಇಲ್ಲ ಅಂದ ಕೂಡಲೇ ಎದ್ದು ಬರಬೇಡಿ. ಲೋಡ್ ಹಾಕಿಕೊಂಡು, ನಿಮಗೆ ತೊಂದರೆ ಕೊಡುವ ಅದೇ ಏರಿಗೆ ಅವರನ್ನು ಕರೆದುಕೊಂಡು ಹೋಗಿ. ನೀವು ಓಡಿಸಿ, ಅವರು ಪಕ್ಕದಲ್ಲಿ ಕೂತು ಎರಡು ಅಂಕಿ ನೋಡಲಿ. ಈಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಕೇಳುತ್ತಿರುವ ಬೂಸ್ಟ್, ಅಂದರೆ ಟರ್ಬೊ ಎಂಜಿನ್ ಒಳಗೆ ತಳ್ಳುವ ಗಾಳಿಯ ಒತ್ತಡ ಎಷ್ಟು, ನಿಜವಾಗಿ ಸಿಗುತ್ತಿರುವುದು ಎಷ್ಟು. ಕೆಲವು ಸ್ಕ್ಯಾನರ್‌ಗಳು ಹೊರಗಿನ ಗಾಳಿಯ ಒತ್ತಡವನ್ನೂ ಸೇರಿಸಿ ತೋರಿಸುತ್ತವೆ. ಎಂಜಿನ್ ಆಫ್ ಇದ್ದಾಗಲೂ ಸುಮಾರು 1 ಬಾರ್ ತೋರಿಸಿದರೆ ಅದು ಆ ಬಗೆಯದು ಅಂತ ತಿಳಿಯಿರಿ. ಹೊರಗಿನ ಒತ್ತಡ ಬಿಟ್ಟು ಲೆಕ್ಕ ಹಾಕಿದಾಗ 1.2 ಬಾರ್ ಕೇಳಿ 0.8 ಮಾತ್ರ ಸಿಗುತ್ತಿದೆ ಅನ್ನೋಣ. ಹೊರಗಿನ 1 ಬಾರ್ ಸೇರಿಸಿದರೆ 2.2ರ ಬದಲು 1.8. ಅಂದರೆ ಎಂಜಿನ್ ಒಳಗೆ ಹೋಗುವ ಗಾಳಿಯಲ್ಲಿ ಸುಮಾರು ನೂರಕ್ಕೆ 18 ಪಾಲು ಕಡಿಮೆ ಆಯಿತು. ಇದರ ಮೇಲೆ ಟೈರಿನ ಹತ್ತು ಪಾಲು. ಏರಿನಲ್ಲಿ ಎರಡನೇ ಗೇರ್ ಬೇಕಾಗುವುದಕ್ಕೆ ಇಷ್ಟು ಸಾಕಲ್ವಾ?

ಬೂಸ್ಟ್ ಕಡಿಮೆ ಇದ್ದರೆ ಮೊದಲು ಟರ್ಬೊಗೆ ಕೈ ಹಾಕಬೇಡಿ. ಇಂಟರ್‌ಕೂಲರ್‌ಗೆ (ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಭಾಗ) ಹೋಗಿ ಬರುವ ಹೋಸ್ ಪೈಪ್‌ಗಳನ್ನು ಬಿಚ್ಚಿ ನೋಡಿ. ನನ್ನ ಕೈಗೆ ಬಂದ ಒಂದು ಪಿಕಪ್‌ಗೆ ಬೇರೆ ಕಡೆ ಹೊಸ ಟರ್ಬೊ ಹಾಕಿದ್ದರು, ಎಳೆತ ಮಾತ್ರ ಒಂದಿಷ್ಟೂ ಬಂದಿರಲಿಲ್ಲ. ನಾನು ಎರಡು ದಿನ ಹುಡುಕಿದೆ. ಕೆಳಗಿನ ಹೋಸ್‌ನಲ್ಲಿ, ಕ್ಲ್ಯಾಂಪ್‌ನ ಅಂಚಿಗೆ ಸರಿಯಾಗಿ, ಬೆರಳುದ್ದದ ಸೀಳು ಇತ್ತು. ಎಂಜಿನ್ ನಿಂತಾಗ ಅದು ಮುಚ್ಚಿಕೊಂಡು ಏನೂ ಆಗಿಲ್ಲದ ಹಾಗೆ ಕಾಣುತ್ತಿತ್ತು. ಒಳಗೆ ಒತ್ತಡ ಏರಿದಾಗ ಮಾತ್ರ ಬಾಯಿ ಬಿಡುತ್ತಿತ್ತು. ಗುರುತು ಏನೆಂದರೆ, ಆ ಜಾಗದಲ್ಲಿ ಎಣ್ಣೆ ಜಿಡ್ಡಿಗೆ ಧೂಳು ಅಂಟಿ ಕಪ್ಪಾಗಿತ್ತು. ಒಂದು ತುದಿ ಮುಚ್ಚಿ, ಇನ್ನೊಂದು ತುದಿಯಿಂದ ಸ್ವಲ್ಪವೇ ಗಾಳಿ ತುಂಬಿ, ಸೋಪಿನ ನೀರು ಹಚ್ಚಿದರೆ ಗುಳ್ಳೆ ಬಂದು ತೋರಿಸುತ್ತದೆ. ಹೋಸ್ ಸರಿ ಇದ್ದರೆ ಆಮೇಲೆ ಟರ್ಬೊದ ಆ್ಯಕ್ಚುಯೇಟರ್ ಮತ್ತು ಅದಕ್ಕೆ ಹೋಗುವ ಸಣ್ಣ ವ್ಯಾಕ್ಯೂಮ್ ಪೈಪ್ ನೋಡಿಸಿ. ಆ ಆ್ಯಕ್ಚುಯೇಟರ್ ಸರಿಸುವ ಟರ್ಬೊ ಒಳಗಿನ ರೆಕ್ಕೆಗಳಿಗೆ ಮಸಿ ಕಟ್ಟಿ ಹಿಡಿದುಕೊಂಡಿರುವುದೂ ಉಂಟು.

ಗಾಳಿ ಆಯಿತು, ಈಗ ಡೀಸೆಲ್. ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳಿಗೆ ಹೋಗುವ ಪೈಪಿನ ಒತ್ತಡವೇ ರೈಲ್ ಪ್ರೆಷರ್. ರೈಲ್ ಪ್ರೆಷರ್‌ನಲ್ಲೂ ಹಾಗೆಯೇ ಕೇಳಿದ್ದೆಷ್ಟು, ಸಿಕ್ಕಿದ್ದೆಷ್ಟು ಅಂತ ಹೋಲಿಸಿ. ಕಡಿಮೆ ಇದ್ದರೆ ಮೊದಲು ಡೀಸೆಲ್ ಫಿಲ್ಟರ್ ಬದಲಿಸಿ. ಆಮೇಲೆ ಇಂಜೆಕ್ಟರ್‌ಗಳ ರಿಟರ್ನ್ ಪರೀಕ್ಷೆ ಮಾಡಿಸಿ. ಇಂಜೆಕ್ಟರ್‌ಗಳಿಂದ ವಾಪಸ್ ಬರುವ ಡೀಸೆಲ್ ಹಿಡಿಯಲು ಒಂದೇ ಅಳತೆಯ ನಾಲ್ಕು ಬಾಟಲಿ ಕಟ್ಟಿ ಎಂಜಿನ್ ಓಡಿಸುತ್ತಾರೆ. ಮೂರು ಬಾಟಲಿ ಸಮ ಇದ್ದು ಒಂದು ಮಾತ್ರ ಬೇಗ ತುಂಬಿದರೆ, ಆ ಇಂಜೆಕ್ಟರ್ ಒಳಗೆ ಸವೆದಿದೆ. ಒಂದು ಎಚ್ಚರಿಕೆ. ಕಾಮನ್ ರೈಲ್‌ನ ಒತ್ತಡ 1,500 ಬಾರ್ ದಾಟುತ್ತದೆ. ಎಂಜಿನ್ ಓಡುವಾಗ ಆ ಪೈಪಿನ ನಟ್ಟು ಸಡಿಲಿಸುವುದು, ಸೋರುತ್ತಿದೆಯಾ ಅಂತ ಕೈಯಿಂದ ಮುಟ್ಟಿ ನೋಡುವುದು ಬೇಡವೇ ಬೇಡ. ಆ ಡೀಸೆಲ್ ಎಳೆ ಚರ್ಮ ತೂರಿ ಒಳಗೆ ಹೋಗುತ್ತದೆ. ಬೆರಳು ಕಳೆದುಕೊಳ್ಳುವ ಮಟ್ಟಕ್ಕೂ ಹೋಗಬಹುದು.

ಕೊನೆಗೆ ಎಂಜಿನ್ನಿನ ಒಳಗಿನ ಸ್ಥಿತಿ. ಕಂಪ್ರೆಷನ್ ಚೆಕ್ ಮಾಡಿಸಿ. ನಾಲ್ಕು ಸಿಲಿಂಡರ್‌ಗಳೂ ಒಂದಕ್ಕೊಂದು ಹತ್ತಿರ ಇರಬೇಕು. ಯಾವುದಾದರೂ ಒಂದು ಬಹಳ ಕೆಳಗಿದ್ದರೆ, ಆ ಸಿಲಿಂಡರಿಗೆ ಗಾಳಿ ಕೊಟ್ಟು ಅದು ಎಲ್ಲಿಂದ ಹೊರಗೆ ಬರುತ್ತದೆ ಅಂತ ಕಿವಿಗೊಟ್ಟು ಕೇಳಬೇಕು. ಆಯಿಲ್ ಹಾಕುವ ಬಾಯಿಂದ ಬಂದರೆ ರಿಂಗು. ಸೈಲೆನ್ಸರ್ ಕಡೆಯಿಂದ ಬಂದರೆ ಎಕ್ಸಾಸ್ಟ್ ವಾಲ್ವ್. ರೇಡಿಯೇಟರ್‌ನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್. ಇಲ್ಲಿ ಸೋತಿರುವ ಎಂಜಿನ್‌ಗೆ ರೀಮ್ಯಾಪ್ ಮಾಡಿಸಿದರೆ, ಉಳಿದ ಆಯಸ್ಸೂ ಬೇಗ ಮುಗಿಯುತ್ತದೆ. ಅಂದ ಹಾಗೆ, ನಾಲ್ಕೂ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ ನೋಡಲು ಮರೆಯಬೇಡಿ. ಒಂದು ಬ್ರೇಕ್ ಹಿಡಿದುಕೊಂಡಿದ್ದರೂ ಗಾಡಿ ಭಾರವಾಗುತ್ತದೆ.

ಇಷ್ಟೆಲ್ಲ ಸರಿ ಮಾಡಿದ ಮೇಲೂ ಇನ್ನಷ್ಟು ಎಳೆತ ಬೇಕು ಅಂದರೆ ಆಗ ಅಪ್‌ಗ್ರೇಡ್ ಮಾತು. ನಿಮ್ಮ ಹಣವನ್ನು ಹತ್ತು ಪಾಲು ಮಾಡಿ. ಮೂರು ಪಾಲು ಮೇಲೆ ಹೇಳಿದ ಪರೀಕ್ಷೆ, ರಿಪೇರಿಗೆ ಹೋಯಿತು. ಎರಡು ಪಾಲನ್ನು ಮುಟ್ಟದೆ ಇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಉಳಿದ ಐದರಲ್ಲಿ ನಾನಾದರೆ ಒಂದು ಪಾಲನ್ನು ಎಕ್ಸಾಸ್ಟ್ ಶಾಖ ತೋರಿಸುವ ಗೇಜಿಗೆ ಕೊಡುತ್ತೇನೆ, ಮಿಕ್ಕ ನಾಲ್ಕನ್ನು ಒಳ್ಳೆಯ ಇಂಟರ್‌ಕೂಲರ್ ಮತ್ತು ಹಿತಮಿತವಾದ ರೀಮ್ಯಾಪ್‌ಗೆ.

ಆ ಗೇಜಿನ ಬಗ್ಗೆ ನಾನು ಇಷ್ಟು ಹಟ ಹಿಡಿಯುವುದಕ್ಕೆ ಕಾರಣ ಇದೆ. ಕೆಲಸ ಕಲಿತ ಹೊಸತರಲ್ಲಿ ನನ್ನ ಹತ್ತಿರ ಒಂದು ಹಳೆಯ ಪಿಕಪ್ ಇತ್ತು, ಮೆಕ್ಯಾನಿಕಲ್ ಪಂಪಿನದು. ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಮಾಡಿದೆ. ಎಳೆತ ನಿಜಕ್ಕೂ ಬಂತು. ಹಿಂದೆ ಕಪ್ಪು ಹೊಗೆಯೂ ಬಂತು. ಆ ಹೊಗೆಯನ್ನು ನಾನು ಶಕ್ತಿಯ ಗುರುತು ಅಂದುಕೊಂಡೆ. ಲೋಡ್ ಹಾಕಿಕೊಂಡು ಒಂದು ಉದ್ದನೆಯ ಏರು ಹತ್ತುವಾಗ ಎಂಜಿನ್ ಸದ್ದು ಬದಲಾಯಿತು, ಆಮೇಲೆ ನಿಂತೇ ಹೋಯಿತು. ಹೆಡ್ ಬಿಚ್ಚಿದಾಗ ಮೂರನೇ ಪಿಸ್ಟನ್ನಿನ ಅಂಚು ಮೇಣದ ಹಾಗೆ ಕರಗಿತ್ತು. ಆ ಪಿಸ್ಟನ್ ಇವತ್ತಿಗೂ ನನ್ನ ಮೇಜಿನ ಮೇಲಿದೆ. ಕೆಲಸ ಕಲಿಯಲು ಬರುವ ಹುಡುಗರ ಕೈಗೆ ಮೊದಲ ದಿನವೇ ಅದನ್ನು ಕೊಡುತ್ತೇನೆ.

ಆಗಿದ್ದು ಇಷ್ಟೇ. 1 ಕಿಲೋ ಡೀಸೆಲ್ ಪೂರ್ತಿ ಉರಿಯಲು ಸುಮಾರು 14.5 ಕಿಲೋ ಗಾಳಿ ಬೇಕು. ಸಿಲಿಂಡರ್ ಒಳಗೆ ಡೀಸೆಲ್ ಮತ್ತು ಗಾಳಿ ಎಲ್ಲ ಕಡೆ ಸಮನಾಗಿ ಬೆರೆಯುವುದಿಲ್ಲ. ಹಾಗಾಗಿ ಅದಕ್ಕಿಂತ ಸಾಕಷ್ಟು ಜಾಸ್ತಿ ಗಾಳಿ ಇರಬೇಕು. ಗಾಳಿ ಹೆಚ್ಚಿಸದೆ ಡೀಸೆಲ್ ಮಾತ್ರ ಹೆಚ್ಚಿಸಿದರೆ ಹೊಗೆ ಬರುತ್ತದೆ, ಶಾಖ ಏರುತ್ತದೆ. ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಶುದ್ಧ ಅಲ್ಯೂಮಿನಿಯಂ ಕರಗುವುದೇ 660 ಡಿಗ್ರಿ ಸೆಲ್ಸಿಯಸ್‌ಗೆ. ಗೇಜಿನ ಕಡ್ಡಿಯನ್ನು ಟರ್ಬೊಗಿಂತ ಮುಂಚೆ, ಮ್ಯಾನಿಫೋಲ್ಡ್‌ನಲ್ಲಿ ಕೂರಿಸಬೇಕು. ಅದು ತೋರಿಸುವುದು ಹೊಗೆಯ ಶಾಖ, ಪಿಸ್ಟನ್ನಿನದಲ್ಲ. ಉದ್ದ ಏರಿನಲ್ಲಿ ಅದು 700 ಡಿಗ್ರಿ ದಾಟಿ ಅಲ್ಲೇ ನಿಂತರೆ ಆಕ್ಸಿಲರೇಟರ್ ಬಿಡಿ, ಗೇರ್ ಇಳಿಸಿ. ನಾನು ನನ್ನ ಗಾಡಿಗಳಿಗೆ ಇಟ್ಟುಕೊಂಡಿರುವ ಗೆರೆ ಇದು.

ಇಂಟರ್‌ಕೂಲರ್ ಯಾಕೆ ಅಂದರೆ, ಟರ್ಬೊ ಗಾಳಿಯನ್ನು ಒತ್ತಿದಾಗ ಅದು ಬಿಸಿಯಾಗುತ್ತದೆ, ಬಿಸಿ ಗಾಳಿ ಹಿಗ್ಗುತ್ತದೆ. ಒತ್ತಡ ಅಷ್ಟೇ ಇದ್ದು 120 ಡಿಗ್ರಿಯ ಗಾಳಿಯನ್ನು 60 ಡಿಗ್ರಿಗೆ ತಂದರೆ, ಅದೇ ಜಾಗದಲ್ಲಿ ನೂರಕ್ಕೆ ಸುಮಾರು 18 ಪಾಲು ಜಾಸ್ತಿ ಗಾಳಿ ಹಿಡಿಯುತ್ತದೆ. ಶಾಖವೂ ತಗ್ಗುತ್ತದೆ. ಈಗಿರುವ ಇಂಟರ್‌ಕೂಲರ್‌ನ ಎದುರು ಮಣ್ಣು, ಹುಳು ತುಂಬಿಕೊಂಡಿದ್ದರೆ ಮೊದಲು ಅದನ್ನೇ ತೊಳೆಯಿರಿ.

ರೀಮ್ಯಾಪ್ ಮಾಡುವವರಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಿ: ಗಾಡಿ ಲೋಡ್ ಎಳೆಯುತ್ತದೆ, 1,500ರಿಂದ 2,500 ಆರ್‌ಪಿಎಂ ನಡುವೆ ಬಲ ಬೇಕು, ಹೊಗೆ ಬರಬಾರದು. 2,000 ಆರ್‌ಪಿಎಂನಲ್ಲಿ 300 ನ್ಯೂಟನ್ ಮೀಟರ್ ಟಾರ್ಕ್ ಅಂದರೆ ಸುಮಾರು 63 ಕಿಲೋವ್ಯಾಟ್. ಅಲ್ಲೇ 50 ನ್ಯೂಟನ್ ಮೀಟರ್ ಜಾಸ್ತಿ ಸಿಕ್ಕಿದರೆ 73 ಆಗುತ್ತದೆ. ಏರಿನಲ್ಲಿ ನಿಮಗೆ ಬೇಕಾಗಿರುವುದು ಅಷ್ಟೇ. ದೊಡ್ಡ ಟರ್ಬೊ ಬೇಡ ಅನ್ನುವುದೂ ಇದಕ್ಕೇ. ಅದು ತಿರುಗಿ ಬೂಸ್ಟ್ ಕೊಡಲು ಇನ್ನೂ ಜಾಸ್ತಿ ಆರ್‌ಪಿಎಂ ಬೇಕು. ನೀವು ಕೆಲಸ ಮಾಡುವ ಜಾಗದಲ್ಲಿ ಈಗಿನದಕ್ಕಿಂತ ಮಂಕಾಗುತ್ತದೆ. ಸೈಲೆನ್ಸರ್ ಬದಲಾವಣೆಯಿಂದ ಈ ಮಟ್ಟದಲ್ಲಿ ಬರುವುದು ಹೆಚ್ಚಾಗಿ ಸದ್ದು. ಏರ್ ಫಿಲ್ಟರ್ ಶುದ್ಧವಾಗಿದ್ದರೆ ಕಂಪನಿಯ ಕಾಗದದ ಫಿಲ್ಟರೇ ಸಾಕು.

ಇನ್ನು ಮುಟ್ಟದೆ ಇಟ್ಟ ಆ ಎರಡು ಪಾಲು. ಅದು ಕ್ಲಚ್‌ಗೆ. ಇಷ್ಟು ಓಡಿದ ಕ್ಲಚ್ ಪ್ಲೇಟ್ ಹೊಸ ಟಾರ್ಕ್ ತಡೆಯದೆ ಜಾರುವ ಸಾಧ್ಯತೆ ತುಂಬಾ ಇದೆ. ಮೇಲಿನ ಗೇರ್‌ನಲ್ಲಿ ನಿಧಾನವಾಗಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ವೇಗ ಏರದೆ ಆರ್‌ಪಿಎಂ ಮಾತ್ರ ಏರಿದರೆ ಕ್ಲಚ್ ಮುಗಿದಿದೆ. ಜಾರದಿದ್ದರೆ ಆ ಹಣ ಬ್ರೇಕಿಗೆ ಹಾಕಿ. 80ರ ಬದಲು 100 ಕಿ.ಮೀ. ವೇಗದಲ್ಲಿ ಅದೇ ಲೋಡ್ ನಿಲ್ಲಿಸಲು ಬ್ರೇಕು ಒಂದೂವರೆಗಿಂತ ಜಾಸ್ತಿ ಪಟ್ಟು ಶಕ್ತಿ ನುಂಗಬೇಕು.

ಪ್ರಶ್ನೆ: ನನ್ನದು ಪೆಟ್ರೋಲ್ ಪಿಕಪ್, ಟರ್ಬೊ ಇಲ್ಲ. ರೀಮ್ಯಾಪ್‌ನಿಂದ ಎಷ್ಟು ಲಾಭ? ಇಲ್ಲವೇ ಬೇರೆ ದೊಡ್ಡ ಎಂಜಿನ್ ಕೂರಿಸುವುದು ಒಳ್ಳೆಯದಾ?

ಉತ್ತರ: ಟರ್ಬೊ ಇಲ್ಲದ ಎಂಜಿನ್ ಹೊರಗಿನ ಗಾಳಿ ತಾನಾಗಿ ಎಷ್ಟು ಎಳೆದುಕೊಳ್ಳುತ್ತದೋ ಅಷ್ಟರಲ್ಲೇ ದುಡಿಯಬೇಕು. ರೀಮ್ಯಾಪ್ ಮಾಡುವವರು ಬೂಸ್ಟ್ ಹೆಚ್ಚಿಸಲು ಅಲ್ಲಿ ಬೂಸ್ಟೇ ಇಲ್ಲ. ಸ್ಪಾರ್ಕ್ ಸ್ವಲ್ಪ ಮುಂಚೆ ಬರುವ ಹಾಗೆ ಮಾಡಬಹುದು, ಆಕ್ಸಿಲರೇಟರ್ ಚುರುಕು ಅನ್ನಿಸುವ ಹಾಗೆ ಮಾಡಬಹುದು. ಲಾಭ ಸಣ್ಣದು. ಆ ಲಾಭಕ್ಕೂ ಹೆಚ್ಚಿನ ಆಕ್ಟೇನ್‌ನ (ಬೇಗ ತಾನಾಗಿ ಹೊತ್ತಿಕೊಳ್ಳದ) ಪೆಟ್ರೋಲ್ ಬೇಕಾಗಬಹುದು. ಇಲ್ಲದಿದ್ದರೆ ನಾಕಿಂಗ್ (ಪೆಟ್ರೋಲ್ ತಾನಾಗಿ ಹೊತ್ತಿಕೊಂಡು ಎಂಜಿನ್ ಬಡಿಯುವುದು) ಬರುತ್ತದೆ. ಪ್ರತಿ ಸಲ ಟ್ಯಾಂಕ್ ತುಂಬಿಸುವಾಗಲೂ ಆ ಖರ್ಚು ಇರುತ್ತದೆ.

ಎಂಜಿನ್ ಬದಲಿಸುವ ಯೋಚನೆ ಕೇಳಲು ಚೆನ್ನಾಗಿರುತ್ತದೆ, ಅಲ್ವಾ? ಎಂಜಿನ್ನಿನ ಬೆಲೆ ಅರ್ಧ ಮಾತ್ರ. ಮೌಂಟಿಂಗ್, ವೈರಿಂಗ್, ರೇಡಿಯೇಟರ್, ಗೇರ್‌ಬಾಕ್ಸಿಗೆ ಜೋಡಿಸುವ ಪ್ಲೇಟ್, ಪ್ರೊಪೆಲ್ಲರ್ ಶಾಫ್ಟ್, ದಾಖಲೆ ಪತ್ರ, ವಿಮೆ, ಒಂದೊಂದೂ ಕೈ ಚಾಚುತ್ತದೆ. ಅರ್ಧಕ್ಕೆ ನಿಂತ ಇಂಥ ಗಾಡಿಗಳನ್ನು ನಾನು ಎಷ್ಟೋ ನೋಡಿದ್ದೇನೆ. ಬಾನೆಟ್ ಇಲ್ಲದೆ ಮಳೆಯಲ್ಲಿ ನೆನೆಯುತ್ತಿರುತ್ತವೆ. ಹಣ ಕಡಿಮೆ ಇದ್ದರೆ ಪ್ಲಗ್, ಕಾಯಿಲ್, ಟ್ಯಾಪೆಟ್, ಥ್ರಾಟಲ್ ಬಾಡಿ ಸರಿ ಮಾಡಿಸಿ. ಆಮೇಲೆ ಕ್ರೌನ್ ಪಿನಿಯನ್. ಜತೆಗೆ ಹಿಂದೆ ಸುಮ್ನೆ ಹೊತ್ತು ತಿರುಗುವ ಸಾಮಾನು ಇಳಿಸಿ. 2,000 ಕಿಲೋ ಗಾಡಿಯಿಂದ 100 ಕಿಲೋ ಇಳಿಸಿದರೆ ನೂರಕ್ಕೆ 5 ಪಾಲು ಭಾರ ಕಡಿಮೆ ಆಗುತ್ತದೆ. ಅದಕ್ಕೆ ಖರ್ಚೇ ಇಲ್ಲ.

ಪ್ರಶ್ನೆ: ವೈರಿನ ಮಧ್ಯೆ ಚುಚ್ಚುವ ಸಣ್ಣ ಪವರ್ ಬಾಕ್ಸ್ ರೀಮ್ಯಾಪ್‌ಗಿಂತ ಅಗ್ಗವಾಗಿ ಸಿಗುತ್ತದೆ. ಹಾಕಲೇ?

ಉತ್ತರ: ಬೇಡ. ಅವುಗಳಲ್ಲಿ ಅಗ್ಗದವು ಮಾಡುವುದು ಒಂದೇ ಕೆಲಸ. ರೈಲ್ ಪ್ರೆಷರ್ ಕಡಿಮೆ ಇದೆ ಅಂತ ಈಸಿಯುಗೆ ಸುಳ್ಳು ಹೇಳುತ್ತವೆ. ಈಸಿಯು ಅದನ್ನು ನಂಬಿ ಒತ್ತಡ ಏರಿಸುತ್ತದೆ. ನಿಜವಾದ ಒತ್ತಡ ಎಷ್ಟಿದೆ ಅಂತ ಅದಕ್ಕೆ ಗೊತ್ತೇ ಇರುವುದಿಲ್ಲ. ಏಟು ಬೀಳುವುದು ಪಂಪು ಮತ್ತು ಇಂಜೆಕ್ಟರ್‌ಗೆ.

ಪ್ರಶ್ನೆ: ಅಪ್ಪನ ಪಿಕಪ್ ಈಗ ನಾನೇ ಓಡಿಸುತ್ತೇನೆ ಸರ್. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಪದೇ ಪದೇ ಕಟ್ಟಿಕೊಳ್ಳುತ್ತದೆ. ತೆಗೆದುಹಾಕಿದರೆ ಪವರ್ ಬರುತ್ತದೆ ಅಂತ ಗ್ಯಾರೇಜಿನಲ್ಲಿ ಹೇಳುತ್ತಾರೆ. ಇನ್ನೊಂದು ಸಂಶಯ. ಯಾವುದೇ ಕೆಲಸ ಮಾಡಿಸಿದ ಮೇಲೆ ನಿಜವಾಗಿ ಎಳೆತ ಜಾಸ್ತಿ ಆಯಿತಾ ಅಂತ ಹೇಗೆ ತಿಳಿಯುವುದು? ಡೈನೊ (ಗಾಡಿಯ ಬಲ ಅಳೆಯುವ ಯಂತ್ರ) ಪರೀಕ್ಷೆಗೆ ಹಣ ಇಲ್ಲ.

ಉತ್ತರ: ಡಿಪಿಎಫ್ ತೆಗೆಸಬೇಡಿ ತಾಯಿ. ಅದು ಹಿಡಿಯುವ ಮಸಿ ಗಾಡಿಯ ಹಿಂದೆ ಬರುವವರ ಎದೆಗೆ ಹೋಗುತ್ತದೆ. ಬಹಳ ದೇಶಗಳಲ್ಲಿ ಅದನ್ನು ತೆಗೆಯುವುದು ಕಾನೂನಿಗೂ ವಿರುದ್ಧ. ಪದೇ ಪದೇ ಕಟ್ಟಿಕೊಳ್ಳುತ್ತಿದೆ ಅಂದರೆ ಮಸಿ ಎಲ್ಲೋ ಜಾಸ್ತಿ ಹುಟ್ಟುತ್ತಿದೆ. ಮೊದಲ ಉತ್ತರದಲ್ಲಿ ಹೇಳಿದ ಹೋಸ್, ಇಂಜೆಕ್ಟರ್ ನೋಡಿಸಿ. ಜತೆಗೆ ಇಜಿಆರ್ ವಾಲ್ವ್, ಅಂದರೆ ಹೊಗೆಯ ಒಂದು ಪಾಲನ್ನು ಎಂಜಿನ್‌ಗೆ ವಾಪಸ್ ಬಿಡುವ ವಾಲ್ವ್. ಬರೀ ಹತ್ತಿರದ ಓಡಾಟವೇ ಆಗಿದ್ದರೆ ಒಳಗಿನ ಮಸಿ ಸುಡಲು ಬೇಕಾದ ಸುಮಾರು 600 ಡಿಗ್ರಿ ಶಾಖ ಬರುವುದೇ ಇಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸಿ. ಸುಡುವ ಕೆಲಸ ನಡೆಯುವಾಗ ಎಂಜಿನ್ ಆಫ್ ಮಾಡಬೇಡಿ.

ನಿಮ್ಮ ಎರಡನೇ ಸಂಶಯ ಎಲ್ಲರಿಗೂ ಬರಬೇಕಾದದ್ದು. ಕೆಲಸ ಮಾಡಿಸುವ ಮುಂಚೆಯೇ ಅಳೆಯಬೇಕು. ವಾಹನ ಓಡಾಟವಿಲ್ಲದ ಸಮತಟ್ಟಾದ ರಸ್ತೆ ಹುಡುಕಿ. ಮೂರನೇ ಗೇರ್‌ನಲ್ಲಿ 40ರಿಂದ 70 ಕಿ.ಮೀ. ವೇಗಕ್ಕೆ ಬರಲು ಎಷ್ಟು ಸೆಕೆಂಡ್ ಬೇಕು ಅಂತ ಪಕ್ಕದಲ್ಲಿ ಕೂತವರು ಮೊಬೈಲ್‌ನಲ್ಲಿ ಹಿಡಿಯಲಿ. ವೇಗವನ್ನು ಮೊಬೈಲ್‌ನ ಜಿಪಿಎಸ್‌ನಲ್ಲಿ ನೋಡಲಿ. ಹೋಗುವಾಗ ಮೂರು ಸಲ, ಬರುವಾಗ ಮೂರು ಸಲ, ಆರರ ಸರಾಸರಿ ತೆಗೆಯಿರಿ. ಗಾಳಿ ಬೀಸುವುದು, ರಸ್ತೆಯ ಸಣ್ಣ ಇಳಿಜಾರು ಎಲ್ಲ ಅದರಲ್ಲಿ ಸರಿಹೋಗುತ್ತದೆ. ಲೋಡ್ ಎಷ್ಟಿತ್ತು, ಟ್ಯಾಂಕ್ ಎಷ್ಟು ತುಂಬಿತ್ತು, ಬಿಸಿಲಿತ್ತಾ ಚಳಿಯಿತ್ತಾ ಅಂತಲೂ ಬರೆದಿಡಿ. ಕೆಲಸ ಮುಗಿದ ಮೇಲೆ ಅದೇ ರಸ್ತೆ, ಅದೇ ಲೋಡ್, ಅದೇ ಹೊತ್ತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿಸಿ. ಎರಡು ಒಟ್ಟಿಗೆ ಮಾಡಿಸಿದರೆ ಯಾವುದು ಕೆಲಸ ಮಾಡಿತು ಅಂತ ತಿಳಿಯುವುದಿಲ್ಲ.

ಅಪ್ಪ ಗಾಡಿಯ ಲೆಕ್ಕದ ಪುಸ್ತಕ ಏನಾದರೂ ಇಟ್ಟಿದ್ದರೆ ಹುಡುಕಿ ನೋಡಿ. ಆಗಿನ ಮೈಲೇಜ್, ಇಂಜೆಕ್ಟರ್ ಯಾವಾಗ ಬದಲಿಸಿದ್ದು, ಟೈರಿನ ಅಳತೆ, ಅದರಲ್ಲಿ ಇದ್ದೇ ಇರುತ್ತದೆ. ಅದನ್ನೂ ನಿಮ್ಮ ಸೆಕೆಂಡ್ ಲೆಕ್ಕವನ್ನೂ ಸೇರಿಸಿ ನನಗೆ ಇನ್ನೊಂದು ಪತ್ರ ಬರೆಯಿರಿ. ಮುಂದೆ ಏನು ಮಾಡಿಸಬೇಕು ಅಂತ ಆಗ ಕೂತು ನೋಡೋಣ.